ಹಾಲು ಬಿಡಿಸಿದ ದಿನ

ಒಳಗೆ ಹೋಗಿ ಹೇಳಬೇಕಾದದ್ದು ಒಂದೇ ಮಾತು. ಆದರೆ ಮೆಹರಾಜಬೇಗಂ ಮೊದಲು ಹೊಸ್ತಿಲಿಗೆ ಅಂಟಿದ್ದ ಹತ್ತಿಯ ಎಳೆಗಳನ್ನು ಆರಿಸತೊಡಗಿದಳು. ಗಾದಿ ತುಂಬುವವರ ಮನೆಯಲ್ಲಿ ಹತ್ತಿ ಎಲ್ಲಿಲ್ಲ, ರೊಟ್ಟಿಯ ಬುಟ್ಟಿಯಲ್ಲೂ ಇರುತ್ತದೆ, ಸತ್ತವರ ಮೂಗಿಗೆ ಇಡಲಿಕ್ಕೆ ಪಕ್ಕದ ಮನೆಯವರು ಕೇಳಲು ಬರುವುದೂ ಇಲ್ಲಿಗೇ. ಅವಳು ಒಂದೊಂದೇ ಎಳೆ ಎತ್ತಿ ಬೆರಳಿನಲ್ಲಿ ಹೊಸೆದು ಉಂಡೆ ಮಾಡಿದಳು. ಪೊಲೀಸಿನವ ಅಮೋಘಸಿದ್ದ ಆಗಲೇ ಸೈಕಲ್ ಏರಿ ಆಳಂದದ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದ್ದ. ಅವನು ಹೇಳಿದ್ದು ಇಷ್ಟು. "ಅಕ್ಕಾರ, ನಾ ಹೇಳೀನಿ ಅಂತ ಎಲ್ಲೂ ಬಾಯಿ ಬಿಡಬ್ಯಾಡ್ರಿ, ನನ್ನ ನೌಕರಿಗಿ ಕಲ್ಲು ಬೀಳ್ತದ. ನಾಳಿಗಿ ಗುಲ್ಬರ್ಗಾದಿಂದ ಸಾಹೇಬ್ರು ಬರಾಕತ್ತಾರ. ಸಂಗಟ ಒಬ್ಬಾಕಿ ಲೇಡಿ ಪೊಲೀಸು. ಹಾಲು ಕುಡಿಯೋ ಕೂಸದ, ತಾಯಿನ ಕಳಸಬ್ಯಾಡ್ರಿ ಅಂತ ಗನಿಭಾಯಿ ಅರ್ಜಿ ಕೊಟ್ಟಾನಲ್ಲ, ಖರೇನೋ ಸುಳ್ಳೋ ನೋಡಾಕ. ಕೂಸು ಎದಿ ಕುಡೀತಿತ್ತಂದ್ರ ಅದು ದೊಡ್ಡದಾಗೋ ತನಾ ಗನಿಭಾಯಿ ಹೆಂಡ್ತಿ, ಆ ಕರಾಚಿ ವೈನಿನ ಇಲ್ಲೇ ಬಿಡಂಗ ಬರೀತಾರಂತ. ಅಷ್ಟರಾಗ ದಿಲ್ಲ್ಯಾಗ ಏನರ ಒಂದು ಆಗ್ತದ, ಯಾರಿಗಿ ಗೊತ್ತು." ಆಮೇಲೆ ನಕ್ಕು, "ಹುಡುಗಗ ಮುಂಜಾನಿಂದ ಹಸಿವಿ ಇಡ್ರಿ. ಸಾಹೇಬ್ರ ಮುಂದ ಕರುವಿನಂಗ ಗುದ್ದಿ ಗುದ್ದಿ ಕುಡೀಲಿ" ಅಂದಿದ್ದ. ಕಟ್ಟೆಯ ಮೇಲೆ ಪೇರಲ ಹಣ್ಣು ಕಚ್ಚುತ್ತ ಕೂತಿದ್ದ ಗನಿಯ ಮಗಳು ಗೌಸಿಯಾಳನ್ನು ಆಗ ಕಂಡು, ಮೀಸೆಯ ಮೇಲೆ ಬೆರಳಿಟ್ಟು ಕಣ್ಣು ದೊಡ್ಡದು ಮಾಡಿದ್ದ: "ನೀನೂ ಯಾರ ಮುಂದೂ ಹೇಳಬ್ಯಾಡ ಬೇ. ಹೇಳಿದ್ರ ನಿನ್ನೂ ಹಿಡ್ಕೊಂಡು ಹೋಗ್ತಾರ." ಏಳು ವರ್ಷದ ಹುಡುಗಿ ಕಚ್ಚಿದ ಹಣ್ಣನ್ನು ನುಂಗದೆ ಹಾಗೇ ಬಾಯಲ್ಲಿ ಇಟ್ಟುಕೊಂಡಿದ್ದಳು.

ಒಳಗೆ ಅಂಗಳದಲ್ಲಿ ವಜೀರುನ್ನಿಸಾ ಗೋಡೆಗೆ ಒರಗಿ ಕೂತು ಮಗನಿಗೆ ಹಾಲು ಕೊಡುತ್ತಿದ್ದಳು. ಎದುರಿಗೆ ಪಕ್ಕದ ಮನೆಯ ಹೀರಾಬಾಯಿ, ಸೆರಗಿನ ಗಂಟು ಬಿಚ್ಚಿ, ಹಾಲು ಬಿಡಿಸಲು ಎದೆಗೆ ಹಚ್ಚುವ, ಒಡೆದ ಗಾಜಿನ ಹಾಗೆ ಹೊಳೆಯುವ ಕಹಿ ಕರಿಬೋಳದ ತುಣುಕನ್ನು ಅಂಗೈಯಲ್ಲಿ ತೋರಿಸುತ್ತಿದ್ದಳು. ಮೂರು ದಿನದಿಂದ ಇದೇ ಮಾತು ನಡೆದಿತ್ತು. ವಾರದ ಕೊನೆಗೆ ದೇಶ ಬಿಡಬೇಕೆಂದು ಹುಕುಂ ಬಂದಿರುವುದು ವಜೀರಾಳಿಗೆ ಮಾತ್ರ. ಮಕ್ಕಳು ಇಲ್ಲಿ ಹುಟ್ಟಿದವರು, ಇಲ್ಲಿಯವರು. ಅವಳು ಕಾಗದದ ಪ್ರಕಾರ ಆ ಕಡೆಯವಳು, ಕರಾಚಿಯವಳು. ಅವಳ ಜೊತೆ ಹೋಗಲಿಕ್ಕೆ ಅವರಿಗೆ ಯಾವ ಕಾಗದವೂ ಇಲ್ಲ, ಮಾಡಿಸುವಷ್ಟು ಹೊತ್ತೂ ಇಲ್ಲ. ಒಂದೂವರೆ ವರ್ಷದ ಇಮಾಮ ಹಗಲೆಲ್ಲ ಎದೆಗೆ ಜೋತು ಬೀಳುವವ. ತಾಯಿ ಒಮ್ಮೆಲೇ ಕಣ್ಮರೆಯಾದರೆ ಕೂಸು ಹಂಬಲಿಸಿ ಜ್ವರ ಹಿಡಿದು ಸಾಯುತ್ತದೆ, ಆದ್ದರಿಂದ ಹೋಗುವ ಮೊದಲೇ ಹಾಲು ಬಿಡಿಸಬೇಕು, ಕೂಸು ತಾನಾಗಿ ತಾಯಿಗೆ ಬೆನ್ನು ತಿರುಗಿಸಬೇಕು ಎಂದು ಓಣಿಯ ಹೆಂಗಸರೆಲ್ಲ ಕೂಡಿ ತೀರ್ಮಾನಿಸಿದ್ದರು. ವಜೀರಾಳ ಗಂಡ, ಮೆಹರಾಜಬೇಗಂಳ ತಮ್ಮ ಗನಿ ಮನೆಯಲ್ಲಿರಲಿಲ್ಲ, ಕೊಟ್ಟ ಅರ್ಜಿಗೆ ಉತ್ತರ ಬಾರದೆ ಅದರ ಆಸೆ ಬಿಟ್ಟು, ಲೀಡರೊಬ್ಬರ ಕಾಲು ಹಿಡಿಯಲಿಕ್ಕೆ ಜೇವರ್ಗಿಗೆ ಹೋಗಿದ್ದ.

ಜೇವರ್ಗಿ ಎಂದರೆ ಮೆಹರಾಜಬೇಗಂಗೆ ಈಗಲೂ ಗಂಟಲಲ್ಲಿ ಸುಣ್ಣದ ಧೂಳು ಕೂತಂತಾಗುತ್ತದೆ. ಅವಳನ್ನು ಅಲ್ಲಿಗೆ ಕೊಟ್ಟಿದ್ದರು. ಗಂಡ ಕರೀಮಸಾಬ ನೆಲಕ್ಕೆ ಹಾಸುವ ಫರಸಿ ಕಲ್ಲು ತುಂಬಿದ ಲಾರಿಯ ಮೇಲೆ ಕೂತು ಹೋಗುವವ. ಒಂದು ಸಲ ಲಾರಿ ಬಂತು, ಕಲ್ಲು ಬಂತು, ಅವನು ಕಲ್ಲಿನ ಕೆಳಗಿದ್ದ. ಅವಳಿಗೆ ಅಳು ಬರಲಿಲ್ಲವೆಂದು ಅತ್ತೆಯ ಮನೆಯವರು ಬಹಳ ದಿನ ಮಾತಾಡಿಕೊಂಡರು. ಟ್ರಂಕು ಹೊತ್ತು ತಮ್ಮನ ಮನೆಗೆ ಮರಳಿದಾಗ ಬಾಗಿಲಿಗೆ ಬಂದು ಟ್ರಂಕಿನ ಇನ್ನೊಂದು ಹಿಡಿಕೆ ಹಿಡಿದವಳು ಇದೇ ವಜೀರಾ. ತುಂಬಿದ ಬಸುರಿ, ಮೊದಲನೆಯದು. ಏನನ್ನೂ ಕೇಳಲಿಲ್ಲ. ಒಳಗಿನ ಕೋಣೆ ಬಿಟ್ಟುಕೊಟ್ಟು ತಾನು ಗಂಡನ ಜೊತೆ ಹತ್ತಿಯ ಮೂಟೆಗಳ ನಡುವೆ ಮಲಗಿದಳು. ಆ ಉಪಕಾರ ಮೆಹರಾಜಬೇಗಂಗೆ ಕಾಲಿಗೆ ಆಗದ ಚಪ್ಪಲಿಯ ಹಾಗೆ, ಹಾಕಿಕೊಂಡೇ ಇದ್ದಾಳೆ, ಹಾಕಿಕೊಂಡಷ್ಟು ಹೊತ್ತೂ ಕಚ್ಚುತ್ತದೆ. ವಜೀರಾ ಚಿಕ್ಕಪ್ಪನ ಮಗಳು. ಹುಟ್ಟಿದ್ದು ಅಫಜಲಪುರದ ಕಡೆ ಮಣ್ಣೂರಿನಲ್ಲಿ, ಭೀಮಾ ನದಿಯ ದಂಡೆಗೆ. ದೇಶ ಎರಡಾದಾಗಿನ ಗಲಾಟೆಯ ವರ್ಷಗಳ ಹೆದರಿಕೆ ಮನಸ್ಸಿನಿಂದ ಹೋಗದ ಅಪ್ಪ ನಾಲ್ಕು ವರ್ಷದ ಕೂಸನ್ನು ಹೆಗಲ ಮೇಲೆ ಹೊತ್ತು ಕರಾಚಿಗೆ ಹೋದ. ನದಿಯ ಉಸುಕು ಕಾಲಿಗೆ ಸುಡುತ್ತಿದ್ದುದು ಬಿಟ್ಟರೆ ಅವಳಿಗೆ ಬೇರೇನೂ ನೆನಪಿಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಬಂಧುಗಳನ್ನು ನೋಡಿಹೋಗಲಿಕ್ಕೆ ಬಂದಳು, ಗನಿ ಅವಳನ್ನು ನೋಡಿದ, ನಿಕಾಹ್ ಆಯಿತು. ಹೆಣ್ಣು ಯಾವ ಮನೆಗೆ ಸೊಸೆಯಾಗಿ ಬಂದಳೋ ಆ ಮನೆಯವಳು, ಮನೆ ಯಾವ ಊರಿನದೋ ಆ ಊರಿನವಳು. ಇದರಲ್ಲಿ ಕೇಳುವುದು ಏನಿದೆ ಎಂದು ಎಲ್ಲರೂ ತಿಳಿದರು, ಮದುವೆ ಓದಿಸಿದ ಖಾಜಿಯೂ ತಿಳಿದ, ಊಟಕ್ಕೆ ಬಂದಿದ್ದ ಫೌಜದಾರನೂ ತಿಳಿದ. ತಿಂಗಳಿಗೊಮ್ಮೆ ಠಾಣೆಗೆ ಹೋಗಿ ಮುಖ ತೋರಿಸಿ ಬರುವುದು ಒಂದು ಹರಕೆಯಂತೆ ನಡೆದುಕೊಂಡು ಬಂದಿತ್ತು. ಈಗ ಕರಾಚಿಯಲ್ಲಿ ಅಪ್ಪ ಇಲ್ಲ, ಅಣ್ಣಂದಿರು ಅರಬರ ದೇಶಕ್ಕೆ ಹೋಗಿದ್ದಾರೆ. ಅವಳನ್ನು ಕಳಿಸುತ್ತಿರುವುದು ಯಾರೂ ಬಾಗಿಲು ತೆಗೆಯದ ಊರಿಗೆ.

"ಬಾ ಆಪಾ, ಕೂಡು" ಅಂದಳು ವಜೀರಾ. "ಯಾರು ಬಂದಿದ್ರು?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಂದೇ ಇತ್ತು, ಆಮೇಲೆ ಎಷ್ಟು ಸಲ ನೆನೆದರೂ ಅದು ಮಾತ್ರ ಅವಳಿಗೆ ಖಚಿತ. ಆದರೆ ಹೀರಾಬಾಯಿ ನಡುವೆ ಬಾಯಿ ಹಾಕಿದಳು. "ಕೂಡವ್ವ ಕೂಡು. ಬಸರ ಇಲ್ಲ ಬ್ಯಾನಿ ಇಲ್ಲ, ಎರಡು ಮಕ್ಕಳ ತಾಯಿ ಆಗಾಕತ್ತಿ. ನಸೀಬ ಅಂದ್ರ ನಿಂದು ನೋಡು. ನಾ ಆರು ಹಡದು ಸೊಂಟ ಮುರಕೊಂಡೆ."

ವಜೀರಾ ನಕ್ಕಳು. ಬೆಳಗಿನಿಂದ ಅತ್ತು ಅತ್ತು ಕೆಂಪಾದ ಮೂಗನ್ನು ಓಢಣಿಯಿಂದ ಒರೆಸಿಕೊಳ್ಳುತ್ತಲೇ ನಕ್ಕಳು. ಅದು ನಗುವೂ ಅಲ್ಲ, ತಡೆದ ಅಳು ಎಲ್ಲಿಂದಲೋ ಜಾರಿ ಬಿದ್ದದ್ದು ಎಂದು ಮೆಹರಾಜಬೇಗಂಗೆ ಗೊತ್ತಿತ್ತು. ಆದರೂ ಅದು ತನ್ನ ಒಣ ಹೊಟ್ಟೆಯ ಮೇಲೆ ನಕ್ಕ ನಗು. ಒಂದು ಮಧ್ಯಾಹ್ನ ವಜೀರಾ ಠಾಣೆಗೆ ಹೋಗಿದ್ದಾಗ, ಅಳುತ್ತಿದ್ದ ಇಮಾಮನನ್ನು ಒಳಗಿನ ಕೋಣೆಗೆ ಒಯ್ದು, ಬಾಗಿಲ ಚಿಲಕ ಹಾಕಿ, ತನ್ನ ಕುಪ್ಪಸ ಬಿಚ್ಚಿ ಕೂತಿದ್ದಳು ಮೆಹರಾಜಬೇಗಂ. ಕೂಸು ಬಾಯಿ ಹಾಕಿತು. ಆ ಕ್ಷಣದಲ್ಲಿ ತಲೆಯಿಂದ ಕಾಲಿನವರೆಗೆ ಏನೋ ಹರಿದು ಹೋಯಿತು, ಕರೀಮಸಾಬ ಬದುಕಿದ್ದಾಗಲೂ ಹಾಗೆ ಆಗಿರಲಿಲ್ಲ. ಕೂಸು ಒಮ್ಮೆ ಎಳೆದು, ಏನೂ ಸಿಗದೆ, ಬಾಯಿ ಬಿಟ್ಟು ಅವಳ ಮುಖ ನೋಡಿತು. ಅಂಗಡಿಯಲ್ಲಿ ಖೋಟಾ ರೂಪಾಯಿ ತಿರುವಿ ನೋಡಿದ ಹಾಗೆ. ಅದನ್ನು ಯಾರೂ ಕಂಡಿರಲಿಲ್ಲ. ಆದರೆ ಹೀರಾಬಾಯಿ ನಕ್ಕಾಗ, ವಜೀರಾ ನಕ್ಕಾಗ, ಇವರಿಗೆಲ್ಲ ಗೊತ್ತಿದೆ ಎಂದು ಅನಿಸಿತು. ಮಾತು ನಾಲಿಗೆಯಿಂದ ಹಿಂದಕ್ಕೆ ಸರಿಯಿತು.

"ಅಮೋಘಸಿದ್ದ" ಅಂದಳು. "ಸುಮ್ನ ಬಂದಿದ್ದ. ಗನಿ ಬಂದನೇನು ಅಂತ ಕೇಳಾಕ."

ಕರಿಬೋಳವನ್ನು ಕಲ್ಲಿನ ಮೇಲೆ ತೇಯುತ್ತ ಹೀರಾಬಾಯಿ ಪದ್ಧತಿ ಹೇಳಿದಳು. ತಾಯಿ ತನ್ನ ಕೈಯಿಂದ ತಾನು ಕಹಿ ಹಚ್ಚಿಕೊಳ್ಳಬಾರದು, ಹಚ್ಚಿಕೊಂಡರೆ ಮುಂದೆ ಹಾಲೇ ಇಳಿಯುವುದಿಲ್ಲ. ಬೇರೆಯವರು ಹಚ್ಚಬೇಕು. "ಹಚ್ಚೋ ಕೈ ಹಡೆದಾಕಿದು ಇರಬೇಕು ಮತ್ತ. ಮೆಹರಾಜಾ, ನೀ ಜರಾ ಅತ್ಲಾಗ ಸರಿ. ನಾ ಹಚ್ತೀನಿ."

"ಬ್ಯಾಡ" ಅಂದಳು ವಜೀರಾ. ದನಿ ಒಮ್ಮೆಲೇ ಗಟ್ಟಿಯಾಗಿತ್ತು. "ಆಪಾನ ಕೈಲೇ ಹಚ್ಚಲಿ. ನಾಳಿಂದ ಅವಗ ಉಣಸೋ ಕೈ ಅದೇ ಅಲ್ಲ. ಆ ಕೈಗಿ ಹೆಸರು ಇಡಬ್ಯಾಡ ಹೀರಾಬಾಯಿ."

ಹೀಗೆ ಅವಮಾನವೂ ಅದನ್ನು ಅಳಿಸುವ ಮಾತೂ ಒಂದರ ಹಿಂದೆ ಒಂದು ಬಂದದ್ದರಿಂದ ಮೆಹರಾಜಬೇಗಂಗೆ ಯಾವುದಕ್ಕೂ ತಯಾರಾಗಲು ಆಗಲಿಲ್ಲ. ಕಲ್ಲು ಅವಳ ಮುಂದೆ ಸರಿಯಿತು. ಬೆರಳ ತುದಿ ಅದ್ದಿದಳು. ವಜೀರಾ ನಿದ್ದೆಗಣ್ಣಿನ ಕೂಸಿನ ಬಾಯನ್ನು ಮೆಲ್ಲಗೆ ಬಿಡಿಸಿ, ಓಢಣಿ ಸರಿಸಿ, ಎದೆ ತೆರೆದಳು. ನೀಲಿ ನರಗಳು, ತೊಟ್ಟಿನ ತುದಿಯಲ್ಲಿ ಇನ್ನೂ ಒಂದು ಹನಿ. ಈಗ ಹೇಳಬಹುದಿತ್ತು. ಬಾಗಿಲಲ್ಲಿ ಗೌಸಿಯಾ ಬಂದು ನಿಂತಿದ್ದಳು, ಕೈಯಲ್ಲಿ ಕಚ್ಚಿದ ಪೇರಲ, ಕಣ್ಣು ಅತ್ತೆಯ ಬೆರಳಿನ ಮೇಲೆ. ಹುಡುಗಿ ಕಾಯುತ್ತಿದ್ದಳು. ದೊಡ್ಡವರು ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು.

"ವಜೀರಾ" ಅಂದಳು ಮೆಹರಾಜಬೇಗಂ.

"ಏನು ಆಪಾ?"

"ನೀರು ಜಾಸ್ತಿ ಆಗ್ಯಾವ. ತೆಳ್ಳಗ ಆಗ್ಯದ."

"ಇನ್ನಷ್ಟು ತೇಯಿ ಹಂಗಾರ" ಅಂದಳು ಹೀರಾಬಾಯಿ.

ತೇಯ್ದಳು. ಹಚ್ಚಿದಳು. ಅವಳ ಬೆರಳು ತಾಗಿದಾಗ ವಜೀರಾ ಚಳಿ ಹತ್ತಿದವಳಂತೆ ಭುಜ ಕುಗ್ಗಿಸಿ ಕಣ್ಣು ಮುಚ್ಚಿದಳು. ಕೂಸು ಎಚ್ಚೆತ್ತು ಅಭ್ಯಾಸದಂತೆ ಬಾಯಿ ಹಾಕಿತು. ಮೊದಲು ಅದರ ಮುಖದಲ್ಲಿ ಏನೂ ಆಗಲಿಲ್ಲ. ಆಮೇಲೆ ಹುಬ್ಬು ಕೂಡಿತು, ನಾಲಿಗೆ ಹೊರಬಂತು, ತಾಯಿಯ ಮುಖವನ್ನು ನೋಡಿತು. ನೋಡಿದ ಮೇಲೆ ಚೀರಿತು. ಮಧ್ಯಾಹ್ನದ ತನಕ ಹಸಿವಾದಾಗೆಲ್ಲ ಬಂದಿತು, ಮೂಸಿತು, ಬಾಯಿ ಹಾಕಿ ಕಾರಿತು, ತಾಯಿಯ ಎದೆಯನ್ನು ಎರಡೂ ಮುಷ್ಟಿಯಿಂದ ಹೊಡೆಯಿತು. "ಹೊಡಿ ರಾಜಾ, ಹೊಡಿ" ಅಂದಳು ವಜೀರಾ. ಇಳಿಹೊತ್ತಿಗೆ ಅದು ಅವಳ ಹತ್ತಿರ ಹೋಗುವುದನ್ನೇ ಬಿಟ್ಟಿತು. ಮೆಹರಾಜಬೇಗಂ ಹಾಲಿನಲ್ಲಿ ರೊಟ್ಟಿ ಕಿವುಚಿ ಬೆಲ್ಲ ಹಾಕಿ ಬಾಯಿಗಿಟ್ಟಾಗ ಬಿಕ್ಕುತ್ತಲೇ ನುಂಗಿತು, ಅವಳ ಕುತ್ತಿಗೆಗೆ ಮುಖ ಒತ್ತಿ ನಿದ್ದೆ ಹೋಯಿತು. ಕೂಸಿನ ಬಿಸಿ ಉಸಿರು ಎಲುಬಿನವರೆಗೆ ಇಳಿಯಿತು. ಅದರ ಭಾರಕ್ಕೆ ಕೈ ಜೋಮು ಹಿಡಿದರೂ ಅವಳು ಅಲುಗಲಿಲ್ಲ. ತನಗೆ ಸಂತೋಷವಾಗಿದೆ ಎಂದು ತಿಳಿದು ಅವಳಿಗೆ ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ನಾಳೆ ಮುಂಜಾನೆ ಹೇಳಿದರಾಯಿತು, ಬಿಸಿನೀರು ಸಾಬೂನಿನಿಂದ ತೊಳೆದರೆ ಎಲ್ಲ ಹೋಗುತ್ತದೆ, ಕೂಸಿಗೆ ಏನು ನೆನಪಿರುತ್ತದೆ ಎಂದುಕೊಂಡಳು.

ನೀರು ತರಲು ಎದ್ದಾಗ ಗೌಸಿಯಾ ಹಿಂದೆ ಬಂದು ಸೋದರತ್ತೆಯ ಸೆರಗು ಹಿಡಿದಳು. "ಫುಪ್ಪಮ್ಮಾ, ಪೊಲೀಸ ಮಾಮಾ ಹೇಳಿದ್ದು ಅಮ್ಮೀಗಿ..."

ತಾನು ಏನು ಹೇಳುತ್ತೇನೆಂದು ಮೆಹರಾಜಬೇಗಂ ಮೊದಲು ಯೋಚಿಸಿರಲಿಲ್ಲ. ತಾನೇ ಬೇರೆಲ್ಲೋ ನಿಂತು ಕೇಳಿಸಿಕೊಂಡಂತೆ ಕೇಳಿಸಿಕೊಂಡಳು. "ಪೊಲೀಸ ಮಾಮಾ ಏನಂದಾನ? ಹೇಳಿದ್ರ ಹಿಡ್ಕೊಂಡು ಹೋಗ್ತಾರ ಅಂದಾನ, ಹೌದಿಲ್ಲೋ? ಅಮ್ಮೀನ ಹಿಡ್ಕೊಂಡು ಹೋಗಾಕತ್ತಿದ್ದು ಕಣ್ಣಾರೆ ನೋಡಾಕತ್ತಿ."

ಹುಡುಗಿ ಸೆರಗು ಬಿಟ್ಟಳು.

ಮರುದಿನ ಗನಿ ಮೊದಲ ಬಸ್ಸಿಗೆ ಬರಿಗೈಯಲ್ಲಿ ಬಂದ. ಲೀಡರು ಸಿಗಲಿಲ್ಲ, ಸಿಕ್ಕವರು ಚಹಾ ಕುಡಿಸಿ ಕಳಿಸಿದ್ದರು. ಮುಖ ತೊಳೆಯುವಷ್ಟರಲ್ಲಿ ಜೀಪು ಬಂತು. ಮುಂಜಾನೆ ಹೇಳಬೇಕೆಂದುಕೊಂಡವಳು ಮುಂಜಾನೆಯೆಲ್ಲ ಕೂಸಿನ ಹಿಂದೆ ಇದ್ದಳು, ಅದರ ಕಣ್ಣಿಗೆ ಸುರಮಾ ಹಚ್ಚಿದಳು, ಒಗೆದ ಅಂಗಿ ತೊಡಿಸಿದಳು. ಸಾಹೇಬರು ತೆಳ್ಳಗಿನ, ಸೌಮ್ಯ ದನಿಯ ಮನುಷ್ಯ. ಕುರ್ಚಿಯ ಮೇಲಿನ ಹತ್ತಿಯನ್ನು ತಾವೇ ಒರೆಸಿ ಕೂತರು. ಬಂದ ಕೆಲಸ ಹೇಳುವಾಗ ಅವರಿಗೂ ನಾಚಿಕೆಯಾಯಿತು, ಗೋಡೆಯ ಕಡೆ ನೋಡಿ ಹೇಳಿದರು. ವಜೀರಾಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಕೂಡಲೆ ಅವಳ ಮುಖದ ಬಣ್ಣ ಹೋಯಿತು.

"ಸಾಹೇಬ, ನಿನ್ನೇನೇ ಬಿಡಸೀವ್ರಿ. ಹೋಗಬೇಕಲ್ಲ ಅಂತ ನಿನ್ನೇನೇ. ಮೊನ್ನಿ ತನಾ ಕುಡೀತಿದ್ದ. ತೊಳಕೊಂಡು ಬರ್ತೇನಿ, ಜರಾ ನಿಂದರ್ರಿ, ಈಗ ಕುಡೀತಾನ."

ಬಚ್ಚಲಿನಲ್ಲಿ ತಂಬಿಗೆಯ ಸದ್ದು ಬಹಳ ಹೊತ್ತು ಕೇಳಿತು. ಆಮೇಲೆ ಪರದೆಯ ಹಿಂದೆ ಅವಳು, ಕೂಸು, ಮಹಿಳಾ ಪೊಲೀಸು. "ಬಾ ರಾಜಾ, ಬಾ. ಈಗ ಕಹಿ ಇಲ್ಲ. ನೋಡು, ಅಮ್ಮೀ ನೋಡು." ಕೂಸು ಚೀರಿತು. "ಒಂದೇ ಸಲ, ಕಂದಾ, ಒಂದೇ ಸಲ." ಅದರ ತಲೆಯನ್ನು ಅವಳು ಒತ್ತಿ ಹಿಡಿದಿರಬೇಕು, ಚೀರಾಟ ಉಸಿರುಗಟ್ಟಿದಂತೆ ನಿಂತು ಮತ್ತೆ ಹೊರಟಿತು. "ಕುಡಿಯೋ" ಎಂದು ವಜೀರಾ ಒಮ್ಮೆಲೇ ಕೂಗಿದಳು, ಅದರ ಹಿಂದೆಯೇ ಏಟಿನ ಸದ್ದು. ಎಂದೂ ಮಕ್ಕಳ ಮೇಲೆ ಕೈ ಎತ್ತಿದವಳಲ್ಲ. ಗನಿ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಪರದೆ ಸರಿಸಿ ಮಹಿಳಾ ಪೊಲೀಸು ಹೊರಬಂದಳು. "ಕುಡಿಯಂಗಿಲ್ಲ ಸರ್" ಅಂದಳು. ಅವಳ ಕಾಲ ನಡುವಿನಿಂದ ಇಮಾಮ ಬಿದ್ದು ಎದ್ದು ಓಡಿಬಂದು ಮೆಹರಾಜಬೇಗಂಳ ಮಡಿಲಲ್ಲಿ ಮುಖ ಮುಚ್ಚಿಕೊಂಡ. ಕೆನ್ನೆಯ ಮೇಲೆ ಬೆರಳುಗಳು ಮೂಡಿದ್ದವು.

ವಜೀರಾ ಹಿಂದೆಯೇ ಬಂದಳು. ಓಢಣಿಯ ಎಚ್ಚರವಿರಲಿಲ್ಲ. ಕುಪ್ಪಸದ ಮುಂಭಾಗ ಎರಡು ಕಡೆ ತೊಯ್ದು ತಟಪಟ ಇಳಿಯುತ್ತಿತ್ತು. "ನೋಡ್ರಿ ಸಾಹೇಬ, ಹಾಲದ. ನೋಡ್ರಿ. ಸುಳ್ಳಲ್ಲ" ಎಂದು ಆ ಒದ್ದೆಯನ್ನು ಕೈಯಿಂದ ಎತ್ತಿ ತೋರಿಸಿದಳು. ಸಾಹೇಬರು ಕಣ್ಣು ತಗ್ಗಿಸಿದರು.

"ಹಾಲಿರೋದು ಮುಖ್ಯ ಅಲ್ಲಮ್ಮ. ಕೂಸು ಕುಡಿಯೋದು ಮುಖ್ಯ. ನಾನು ಕಂಡದ್ದನ್ನ ಬರೀಬೇಕು." ಮೆಹರಾಜಬೇಗಂಳ ಕಡೆ ತಿರುಗಿ ಮೃದುವಾಗಿ ಕೇಳಿದರು, "ಇವರಿಗೆ ಕೂಸು ಚಲೋ ಹೊಂದಿಕೊಂಡಿದೆ ಅಲ್ಲ? ನೀವು ನೋಡಿಕೊಳ್ತೀರಾ?"

ಎಲ್ಲರೂ ಅವಳನ್ನು ನೋಡಿದರು. ಗನಿ, ವಜೀರಾ, ಬಾಗಿಲ ಮೂಲೆಯಿಂದ ಗೌಸಿಯಾ. ಇಲ್ಲ ಎಂದರೆ ಏನಾದರೂ ಆಗುತ್ತಿತ್ತೇ? ನಿನ್ನೆ ನನಗೆ ಗೊತ್ತಿತ್ತು ಎಂದರೆ? ಮಡಿಲಲ್ಲಿ ಕೂಸಿನ ಬೆನ್ನು ಬಿಕ್ಕಿಗೆ ಎದ್ದು ಬೀಳುತ್ತಿತ್ತು.

"ಹೌದ್ರಿ" ಅಂದಳು. "ನೋಡ್ಕೋತೇನಿ."

"ಸಮಾಧಾನ" ಅಂದರು ಸಾಹೇಬರು. ಚಹಾ ಪೂರ್ತಿ ಕುಡಿದು ಎದ್ದರು.

ಜೀಪಿನ ಹತ್ತಿರ ಅಮೋಘಸಿದ್ದ ಹಿಂದೆ ಉಳಿದ. ಅವನ ಮೀಸೆ ಇಳಿದಂತಿತ್ತು. "ಅಕ್ಕಾರ" ಅಂದ, ಬಹಳ ಸಣ್ಣ ದನಿಯಲ್ಲಿ. "ನಾ ಹೇಳಿದ್ನಲ್ರಿ?"

"ಮರ್ತೆ" ಅಂದಳು ಮೆಹರಾಜಬೇಗಂ.

ಅವನು ಅವಳನ್ನು ನೋಡುತ್ತ ನಿಂತ. ಆಮೇಲೆ ಟೊಪ್ಪಿಗೆ ಸರಿಮಾಡಿಕೊಂಡ. "ಹೋಗ್ಲಿ ಬಿಡ್ರಿ. ಯಾರ ಮುಂದೂ ನನ್ನ ಹೆಸರು ತೆಗೀಬ್ಯಾಡ್ರಿ ಮತ್ತ." ಅಷ್ಟಕ್ಕೇ ಆ ಮಾತು ಮುಗಿಯಿತು. ಇಷ್ಟು ಸುಲಭವಾಗಿ ಮುಗಿಯುತ್ತದೆಂದು ಅವಳು ತಿಳಿದಿರಲಿಲ್ಲ.

ವಾರದ ಕೊನೆಗೆ ವಜೀರಾ ಹೊರಟಳು. ಗಡಿಯ ತನಕ ಗನಿ ಜೊತೆಗೆ ಹೋಗುವವನಿದ್ದ. ಆ ನಡುವಿನ ದಿನಗಳಲ್ಲಿ ಅವಳು ಮಗನನ್ನು ಎತ್ತಿಕೊಳ್ಳಲು ಹೋಗಲಿಲ್ಲ, ದೂರ ಕೂತು ನೋಡುತ್ತಿದ್ದಳು. ನೋವು ತಡೆಯದಾದಾಗ ಬಚ್ಚಲಿಗೆ ಹೋಗಿ ಹಾಲನ್ನು ಹಿಂಡಿ ಚೆಲ್ಲಿ ಬರುತ್ತಿದ್ದಳು. ಓಣಿಯ ಹೆಂಗಸರು ಬಂದು ಕಣ್ಣೀರು ಹಾಕಿದರು. ಹೀರಾಬಾಯಿ ಎದೆ ಬಡಿದುಕೊಂಡಳು: "ನಾನೇ ಕೊಂದೆ, ನನ್ನ ಕರಿಬೋಳಕ್ಕ ಬೆಂಕಿ ಹಚ್ಚ." ಅದನ್ನು ಕೇಳಿ ವಜೀರಾಳೇ ಅವಳನ್ನು ಸಮಾಧಾನ ಮಾಡಿದಳು. ಹೊರಡುವ ಹೊತ್ತಿಗೆ ಮೆಹರಾಜಬೇಗಂಳ ಎರಡೂ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ತನ್ನ ಕಣ್ಣಿಗೆ ಒತ್ತಿಕೊಂಡಳು. "ನೀ ಇಲ್ಲದಿದ್ರ ನಾ ಯಾರ ಕೈಯಾಗ ಕೊಡ್ತಿದ್ದೆ ಆಪಾ? ಅಲ್ಲಾಹ್ ನಿನ್ನ ಇದಕ್ಕೇ ನಮ್ಮ ಮನಿಗಿ ಕಳಸಿದ್ದ. ಗೌಸಿಯಾಗ ಜರಾ ಬೈಬ್ಯಾಡ, ಅಕಿ ಮೊದಲಿನಂಗ ಮಾತಾಡಾಕತ್ತಿಲ್ಲ, ಏನಾಗ್ಯದೋ ಏನೋ." ಮೆಹರಾಜಬೇಗಂ ಬಾಯಿ ತೆರೆದಳು. ಈಗ ಹೇಳಿದರೆ ತಾನು ಹಗುರಾಗುತ್ತೇನೆ, ಅವಳು ಆ ಭಾರ ಹೊತ್ತು ಗಡಿ ದಾಟಬೇಕು. ಹೇಳದಿರುವುದೇ ಉಪಕಾರ ಎಂದು ಒಂದು ತರ್ಕ ಎಲ್ಲಿಂದಲೋ ಬಂತು, ಬಂದು ಬಹಳ ಸಭ್ಯವಾಗಿ ಕೂತಿತು. "ರೊಟ್ಟಿ ಗಂಟು ಮ್ಯಾಲಿಟ್ಟೀನಿ. ಚಟ್ನಿ ಚೆಲ್ಲೀತು, ಅಡ್ಡ ಇಡಬ್ಯಾಡ" ಅಂದಳು.

ಬಸ್ಸು ಹೋದ ಮೇಲೆ ಮನೆ ಅಷ್ಟೇ ದೊಡ್ಡದಿತ್ತು, ಹತ್ತಿ ಅಷ್ಟೇ ಹಾರುತ್ತಿತ್ತು. ಇಮಾಮ ಮೂಟೆಯ ಮೇಲೆ ಮಲಗಿ ನಿದ್ದೆ ಹೋಗಿದ್ದ. ಸೂರ್ಯ ಇನ್ನೂ ಮುಳುಗಿರಲಿಲ್ಲ. ಮೆಹರಾಜಬೇಗಂ ಒಲೆ ಹೊತ್ತಿಸಿ ಜೋಳದ ಹಿಟ್ಟು ನಾದಲು ಕೂತಳು. ಗೌಸಿಯಾ ಕರೆಯದೆಯೇ ಬಂದಳು. ಬಿಸಿನೀರಿನ ಪಾತ್ರೆ ಹತ್ತಿರ ಸರಿಸಿದಳು, ಚೆಲ್ಲಿದ ಹಿಟ್ಟನ್ನು ಕೂಡಿಸಿ ಪರಾತಕ್ಕೆ ಹಾಕಿದಳು, ಒಲೆಯಿಂದ ಹೊರಬಂದ ಕಟ್ಟಿಗೆಯನ್ನು ಒಳಗೆ ತಳ್ಳಿದಳು. ಎಲ್ಲವನ್ನೂ ಸದ್ದಿಲ್ಲದೆ ಮಾಡಿದಳು, ಹೊಸ ಮನೆಗೆ ಕೆಲಸಕ್ಕೆ ಬಂದವಳ ಹಾಗೆ. ಆಮೇಲೆ ಎದುರಿಗೆ ಮೊಣಕಾಲೂರಿ ಕೂತು ಅಂದಳು:

"ಅಮ್ಮೀ."

ಮೆಹರಾಜಬೇಗಂಳ ಕೈ ಹಿಟ್ಟಿನಲ್ಲಿ ನಿಂತಿತು. ಏಳು ವರ್ಷ ಈ ಹುಡುಗಿಯನ್ನು ಎತ್ತಿ ಆಡಿಸಿದ್ದಳು, ಜ್ವರದಲ್ಲಿ ಹೊತ್ತು ತಿರುಗಿದ್ದಳು, ನಿದ್ದೆಗಣ್ಣಿನಲ್ಲಾದರೂ ಒಂದು ಸಲ ತಪ್ಪಿ ಆ ಮಾತು ಅಂದೀತೆಂದು ಕಾದಿದ್ದಳು. "ಏನಂದಿ?"

"ಅಮ್ಮೀ. ನಾ ಯಾರ ಮುಂದೂ ಹೇಳಿಲ್ಲ" ಅಂದಳು ಹುಡುಗಿ. ಅಳುತ್ತಿರಲಿಲ್ಲ. ಮುಖವನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ. "ಇನ್ನ ಮ್ಯಾಲೂ ಹೇಳಂಗಿಲ್ಲ. ಅಬ್ಬಾಗೂ ಹೇಳಂಗಿಲ್ಲ. ನನ್ನ, ಇಮಾಮನ ಕಳಸಬ್ಯಾಡ."

ಯಾರೂ ಯಾರನ್ನೂ ಕಳಿಸಿಲ್ಲ ಎಂದು ಹೇಳಬಹುದಿತ್ತು. ನಾನು ನಿನ್ನ ಅಮ್ಮೀ ಅಲ್ಲ ಎಂದು ಹೇಳಬಹುದಿತ್ತು. ತವೆ ಕಾದು ಹೊಗೆಯಾಡತೊಡಗಿತು. ಮೆಹರಾಜಬೇಗಂ ಹಿಟ್ಟಿನ ಉಂಡೆ ಮುರಿದು ಅಂಗೈಯಲ್ಲಿ ದುಂಡಗೆ ಮಾಡಿ ಬಡಿಯತೊಡಗಿದಳು. ರೊಟ್ಟಿ ತಿರುವಿ, ಬೇಯಿಸಿ, ಬೆಣ್ಣೆ ಹಚ್ಚಿ ಹುಡುಗಿಯ ಮುಂದೆ ಇಟ್ಟಳು.

"ಕಳಸಂಗಿಲ್ಲ" ಅಂದಳು. "ಉಣ್ಣು."

ಗೌಸಿಯಾ ಉಂಡಳು. ಹೊಟ್ಟೆ ತುಂಬಿದ ಮೇಲೂ, ಸಾಕು ಎನ್ನಲು ಹೆದರಿ, ಇಟ್ಟದ್ದನ್ನೆಲ್ಲ ಉಂಡಳು.